ರಿಜಿಡ್ ಫೋರ್ಕ್ ಜೊತೆ ಮೂರು ಮಳೆಗಾಲ: ಕೊಳ್ಳುವ ಮೊದಲು ಉದ್ದ ಅಳೆಯಿರಿ

ನನ್ನ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ) ಮೌಂಟನ್ ಬೈಕಿನ ಮುಂದಿನ ಸಸ್ಪೆನ್ಷನ್ ಬಿಚ್ಚಿ, ಮುಂದಿನ ಚಕ್ರ ಹಿಡಿಯುವ ಕವಲಾಗಿ ಉಕ್ಕಿನ ರಿಜಿಡ್ (ಕುಗ್ಗದ) ಫೋರ್ಕ್ ಹಾಕಿ ಈಗ ಮೂರನೆಯ ಮಳೆಗಾಲ. ಚಿಕ್ಕಮಗಳೂರಿನ ಸುತ್ತ ವಾರಕ್ಕೆ ಎರಡು ಸಲವಾದರೂ ಓಡಿಸುತ್ತೇನೆ. ಕೈಮರದಿಂದ ಮೇಲಕ್ಕೆ ಹತ್ತುವ ಡಾಂಬರು ರಸ್ತೆ, ಕಾಫಿ ತೋಟಗಳ ನಡುವಿನ ಜಲ್ಲಿ ಕಿತ್ತ ದಾರಿ, ಮಾಣಿಕ್ಯಧಾರಾ ಕಡೆಯ ಜೀಪು ರಸ್ತೆ, ಎಲ್ಲದರ ಮೇಲೂ ಇದು ಓಡಿದೆ. ಕೊಳ್ಳುವಾಗ ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಸೈಕಲ್ ಜೊತೆ ಬಂದದ್ದು 100 ಮಿ.ಮೀ. ಚಲನೆಯ ಕಾಯಿಲ್ ಸ್ಪ್ರಿಂಗ್ ಫೋರ್ಕ್. ಮೊದಲ ವರ್ಷ ಚೆನ್ನಾಗಿಯೇ ಇತ್ತು. ಪುನರ್ವಸು, ಪುಷ್ಯ ಮಳೆಗಳಲ್ಲಿ ಮಲೆನಾಡಿನ ಕೆಂಪು ರಾಡಿ ಸೀಲುಗಳ ಒಳಗೆ ನುಗ್ಗಿತು, ಒಳಕೊಳವೆಗಳ ಮೇಲೆ ತುಕ್ಕಿನ ಚುಕ್ಕೆ ಎದ್ದಿತು, ಎರಡನೆಯ ವರ್ಷದ ಕೊನೆಗೆ ಅದು ಮೂವತ್ತು ಮಿಲಿಮೀಟರ್ ಕೂಡ ಸಲೀಸಾಗಿ ಕುಗ್ಗುತ್ತಿರಲಿಲ್ಲ. ಅದರ ಸೀಲು, ಬುಷ್ ನಮ್ಮ ಊರಿನಲ್ಲಿ ಸಿಗುವುದಿಲ್ಲ. ಎರಡು ಬಾರಿ ಬಸ್ಸಿನಲ್ಲಿ ಬೆಂಗಳೂರಿಗೆ ಕಳುಹಿಸಿ ಸರ್ವಿಸ್ ಮಾಡಿಸಿದೆ. ಮೂರನೆಯ ಸಲ ಬಿಚ್ಚಿ ತಕ್ಕಡಿಯ ಮೇಲಿಟ್ಟಾಗ 2.6 ಕಿಲೋ ತೂಗಿತು. ಕೆಲಸ ಮಾಡದ ಇಷ್ಟು ಭಾರವನ್ನು ಪ್ರತಿ ಏರಿನಲ್ಲೂ ಹೊತ್ತು ಹತ್ತುತ್ತಿದ್ದೇನೆ ಎಂದು ಗೊತ್ತಾದ ದಿನವೇ ರಿಜಿಡ್ ಹಾಕುವುದೆಂದು ತೀರ್ಮಾನಿಸಿದೆ.

ಅಂಗಡಿಯವರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: 29 ಇಂಚಿನ ಚಕ್ರಕ್ಕೆ ಆಗುತ್ತದೆಯೇ? ಆಗುತ್ತದೆ ಎಂದರು. ಅಲ್ಯೂಮಿನಿಯಂ ಫೋರ್ಕ್ ಬಂತು, ಚಕ್ರ ಕೂತಿತು, ನೋಡಲು ಸೊಗಸಾಗಿಯೂ ಇತ್ತು. ಮರುದಿನ ಅತ್ತಿಗುಂಡಿ ಕಡೆಯಿಂದ ಇಳಿಯುವಾಗ ಸೈಕಲ್ ನನ್ನದಲ್ಲ ಎನ್ನಿಸಿತು. ಹ್ಯಾಂಡಲ್ ಬೆರಳು ತಾಗಿದರೆ ತಿರುಗುತ್ತಿತ್ತು. ದೇಹದ ಭಾರವೆಲ್ಲ ಮುಂಗೈಗೆ ಬೀಳುತ್ತಿತ್ತು. ಮೊದಲು ಆರಾಮವಾಗಿ ದಾಟುತ್ತಿದ್ದ ಕಲ್ಲುಗಳಿಗೆ ಪೆಡಲ್ ಬಡಿಯಿತು. ಒಂದು ತಿರುವಿನಲ್ಲಿ ಮುಂದಿನ ಚಕ್ರ ಕೊರಕಲಿಗೆ ಇಳಿದು, ನಾನು ಹ್ಯಾಂಡಲ್ ಮೇಲಿಂದ ಹಾರಿ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು.

ಮನೆಗೆ ಬಂದು ಟೇಪು ಹಿಡಿದೆ. ಚಕ್ರದ ಆ್ಯಕ್ಸಲ್ ಮಧ್ಯದಿಂದ ಹೆಡ್‌ಸೆಟ್‌ನ (ಹ್ಯಾಂಡಲ್ ತಿರುಗುವ ಬೇರಿಂಗಿನ) ಕೆಳಬಳೆ ಕೂರುವ ಜಾಗದವರೆಗಿನ ಉದ್ದವೇ ಆ್ಯಕ್ಸಲ್-ಟು-ಕ್ರೌನ್. ಹಳೆಯ ಫೋರ್ಕಿನಲ್ಲಿ ಅದು 506 ಮಿ.ಮೀ. ಇತ್ತು. ಆದರೆ ಸವಾರ ಕೂತಾಗ ಸಸ್ಪೆನ್ಷನ್ ತಾನಾಗಿಯೇ ಸ್ವಲ್ಪ ಕುಗ್ಗಿರುತ್ತದೆ. ಅದಕ್ಕೆ ಸ್ಯಾಗ್ ಎನ್ನುತ್ತಾರೆ. ಹಾರ್ಡ್‌ಟೇಲ್‌ನಲ್ಲಿ ಅದು ಸಾಮಾನ್ಯವಾಗಿ ಒಟ್ಟು ಚಲನೆಯ ಶೇ. 20ರಿಂದ 25. ಫೋರ್ಕ್ ಚೆನ್ನಾಗಿದ್ದ ದಿನಗಳಲ್ಲಿ ಒಳಕೊಳವೆಗೆ ಪ್ಲಾಸ್ಟಿಕ್ ಟೈ ಸುತ್ತಿ ಅಳೆದಿದ್ದಾಗ ನನಗೆ 22 ಮಿ.ಮೀ. ಬಂದಿತ್ತು. ಅಂದರೆ ನನ್ನ ಫ್ರೇಮಿಗೆ ಬೇಕಾದ ರಿಜಿಡ್ ಫೋರ್ಕಿನ ಉದ್ದ ಸುಮಾರು 484. ನಾನು ಹಾಕಿಸಿಕೊಂಡದ್ದು 440! ಫೋರ್ಕ್ 20 ಮಿ.ಮೀ. ಗಿಡ್ಡವಾದರೆ ಹೆಡ್ ಆ್ಯಂಗಲ್ (ಹ್ಯಾಂಡಲ್ ತಿರುಗುವ ಅಕ್ಷ ನೆಲದೊಂದಿಗೆ ಮಾಡುವ ಕೋನ) ಹತ್ತಿರ ಹತ್ತಿರ ಒಂದು ಡಿಗ್ರಿ ಕಡಿದಾಗುತ್ತದೆ, ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ ಎಂಟು ಮಿಲಿಮೀಟರ್‌ನಷ್ಟು ಕೆಳಗೆ ಬರುತ್ತದೆ. ನನ್ನ ಲೆಕ್ಕ 44 ಮಿ.ಮೀ. ತಪ್ಪಿತ್ತು. 69 ಡಿಗ್ರಿಯ ಸೈಕಲ್ 71 ದಾಟಿತ್ತು. ಪೆಡಲ್ ಕಲ್ಲಿಗೆ ಬಡಿದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಸಸ್ಪೆನ್ಷನ್‌ಗೆಂದು ವಿನ್ಯಾಸ ಮಾಡಿದ ಫ್ರೇಮಿಗೆ, ಕುಗ್ಗಿದ ಸ್ಥಿತಿಯ ಉದ್ದಕ್ಕೆ ಸಮನಾಗಿ ಮಾಡಿದ ರಿಜಿಡ್ ಫೋರ್ಕುಗಳು ಬೇರೆಯೇ ಇವೆ. ಸಸ್ಪೆನ್ಷನ್ ಕರೆಕ್ಟೆಡ್ ಎಂದು ಅವುಗಳ ವಿವರದಲ್ಲಿ ಬರೆದಿರುತ್ತಾರೆ. ಆ ಮಾತನ್ನು ನಂಬುವುದಕ್ಕಿಂತ ಮಿಲಿಮೀಟರ್ ಸಂಖ್ಯೆಯನ್ನು ಕೇಳಿ ಪಡೆಯುವುದು ಒಳ್ಳೆಯದು. ಸಂಖ್ಯೆ ಹೇಳಲಾಗದವರಿಂದ ಫೋರ್ಕ್ ಕೊಳ್ಳಬೇಡಿ. ನಿಮ್ಮ ಹಳೆಯ ಫೋರ್ಕನ್ನು ಅಳೆದು ಸ್ಯಾಗ್ ಕಳೆದ ಮೇಲೆ ಬರುವ ಉದ್ದದಿಂದ ಐದಾರು ಮಿಲಿಮೀಟರ್ ಆಚೀಚೆಯಾದರೆ ಚಿಂತೆಯಿಲ್ಲ.

ಎರಡನೆಯದಾಗಿ ಕೊಂಡದ್ದೇ ಈಗಿರುವುದು. ಹೆಸರಿಗಿಂತ ಅಳತೆ ಮುಖ್ಯವಾದ್ದರಿಂದ ಅಳತೆಯನ್ನೇ ಹೇಳುತ್ತೇನೆ: 4130 ಕ್ರೋಮೊಲಿ ಉಕ್ಕು, ಉದ್ದ 483 ಮಿ.ಮೀ., ಆಫ್‌ಸೆಟ್ (ಹ್ಯಾಂಡಲ್ ತಿರುಗುವ ಅಕ್ಷಕ್ಕಿಂತ ಆ್ಯಕ್ಸಲ್ ಮುಂದಿರುವ ದೂರ) 47, ಸ್ಟೀರರ್ (ಫ್ರೇಮಿನೊಳಗೆ ಹೋಗುವ ಮೇಲಿನ ಕೊಳವೆ) ಕತ್ತರಿಸಿದ ಮೇಲೆ ತೂಕ 1,240 ಗ್ರಾಂ. ಹಳೆಯದಕ್ಕಿಂತ 1.3 ಕಿಲೋಗೂ ಹೆಚ್ಚು ಹಗುರ. ಹಾಕಿದ ದಿನವೇ ಸೈಕಲ್ ತನ್ನ ಮೊದಲಿನ ನಡಿಗೆಗೆ ಮರಳಿತು. ಹಳೆಯ ಫೋರ್ಕಿನ ಆಫ್‌ಸೆಟ್ 46 ಇದ್ದದ್ದರಿಂದ ಹ್ಯಾಂಡಲ್ ತಿರುಗುವ ಗುಣವೂ ಬದಲಾಗಲಿಲ್ಲ.

ಉಳಿದ ಹೊಂದಾಣಿಕೆಗಳಲ್ಲಿ ಸ್ಟೀರರ್ ಮುಖ್ಯ. ನೇರ ಸ್ಟೀರರ್ ಇರುವ ಫೋರ್ಕನ್ನು ಟೇಪರ್ಡ್ (ಕೆಳಗೆ ಅಗಲವಾಗುವ) ಸ್ಟೀರರಿಗೆಂದು ಮಾಡಿದ ಫ್ರೇಮಿಗೆ ಸೂಕ್ತ ಬಳೆ ಹಾಕಿ ಕೂರಿಸಬಹುದು. ಹಳೆಯ ಕಿರಿದಾದ ಹೆಡ್‌ಟ್ಯೂಬಿಗೆ ಟೇಪರ್ಡ್ ಸ್ಟೀರರ್ ಯಾವ ಉಪಾಯದಿಂದಲೂ ಹೋಗದು. ಸ್ಟೀರರನ್ನು ಮೊದಲ ದಿನವೇ ಕತ್ತರಿಸಬೇಡಿ. ಸ್ಪೇಸರುಗಳನ್ನು ಹಾಕಿ ಒಂದು ತಿಂಗಳು ಓಡಿಸಿ, ಹ್ಯಾಂಡಲ್ ಎತ್ತರ ಒಗ್ಗಿದ ಮೇಲೆ ಕತ್ತರಿಸಿ. ಹಬ್ಬಿನ ಅಗಲ, ಬ್ರೇಕ್ ಕ್ಯಾಲಿಪರ್ ಕೂರುವ ಬಗೆ, ಎಷ್ಟು ದೊಡ್ಡ ರೋಟರ್ ಹಾಕಬಹುದು ಎಂಬುದನ್ನೂ ಕೇಳಿಕೊಳ್ಳಿ. ನನ್ನ ಹಬ್ 9 ಮಿ.ಮೀ. ಕ್ವಿಕ್ ರಿಲೀಸ್‌ನದು, ಅಂದರೆ ಲಿವರ್ ಎಳೆದು ಕೈಯಲ್ಲೇ ಬಿಚ್ಚುವಂಥದ್ದು. ಇಲ್ಲೊಂದು ಎಚ್ಚರ ಅಗತ್ಯ. ಡಿಸ್ಕ್ ಬ್ರೇಕ್ ಹಿಡಿದಾಗ ಬರುವ ಬಲ ಆ್ಯಕ್ಸಲನ್ನು ಫೋರ್ಕಿನ ತುದಿಯಲ್ಲಿ ಅದು ಕೂರುವ ಸೀಳಿನಿಂದ ಕೆಳಕ್ಕೆ ತಳ್ಳುತ್ತದೆ. ಸೀಳಿನ ಬಾಯಿ ನೇರ ಕೆಳಕ್ಕಿದ್ದು ಕ್ವಿಕ್ ರಿಲೀಸ್ ಸಡಿಲವಾಗಿದ್ದರೆ ಚಕ್ರವೇ ಕಳಚಿಕೊಳ್ಳಬಹುದು. ನನ್ನದರ ಬಾಯಿ ಮುಂದಕ್ಕೆ ಓರೆಯಾಗಿದೆ. ಆದರೂ ಪ್ರತಿ ಇಳಿಜಾರಿಗೆ ಮುನ್ನ ಬಗ್ಗಿ ಮುಟ್ಟಿ ನೋಡುತ್ತೇನೆ. ಹೊಸ ಹಬ್ ಕೊಳ್ಳುವ ಶಕ್ತಿ ಇರುವವರು ಥ್ರೂ ಆ್ಯಕ್ಸಲ್ (ಸೀಳಿನ ಬದಲು ರಂಧ್ರದೊಳಗೆ ತೂರಿ ಬಿಗಿಯುವ ಆ್ಯಕ್ಸಲ್) ಇರುವ ಫೋರ್ಕನ್ನೇ ಆರಿಸಲಿ.

ಉಕ್ಕೋ ಕಾರ್ಬನ್ನೋ ಎಂಬ ಚರ್ಚೆಗೆ ಜನ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯ ಪ್ರಶ್ನೆ. ಗೆಳೆಯನೊಬ್ಬನ ಕಾರ್ಬನ್ ಫೋರ್ಕನ್ನು ಒಂದು ವಾರ ಓಡಿಸಿದ್ದೇನೆ. ಜಲ್ಲಿಯ ಸಣ್ಣ ನಡುಕ ಅದರಲ್ಲಿ ನಿಜಕ್ಕೂ ಕಡಿಮೆ, ಹಗುರವಂತೂ ಹೌದು. ಆದರೆ ತೋಟದ ರಸ್ತೆಯಲ್ಲಿ ಸೈಕಲ್ ಕಲ್ಲಿನ ಮೇಲೆ ಬೀಳುವುದು ದಿನದ ಮಾತು. ಕಾರ್ಬನ್ ಮೇಲೆ ಬಿದ್ದ ಗಾಯ ಎಷ್ಟು ಆಳಕ್ಕೆ ಹೋಗಿದೆ ಎಂದು ಕಣ್ಣಿನಿಂದ ತಿಳಿಯುವುದಿಲ್ಲ. ಉಕ್ಕು ಬಾಗಿದರೆ ಕಾಣುತ್ತದೆ. ಕಲ್ಲು ಹಾಸಿನ ಮೇಲೆ ಹೋಗುವಾಗ ಕೆಳಗೆ ನೋಡಿದರೆ ಫೋರ್ಕಿನ ತುದಿ ಹಿಂದೆ ಮುಂದೆ ಸಣ್ಣಗೆ ಆಡುವುದು ಕಾಣುತ್ತದೆ. ಅದು ಸಸ್ಪೆನ್ಷನ್ ಅಲ್ಲ, ಆದರೆ ಹಿಂದಿನ ಅಲ್ಯೂಮಿನಿಯಂ ಫೋರ್ಕಿನಲ್ಲಿ ಅಷ್ಟೂ ಇರಲಿಲ್ಲ. ಹಾಲಿನ ಕ್ಯಾನ್ ಹೊತ್ತು ಹಳ್ಳಿ ದಾರಿಯಲ್ಲಿ ಬರುವ ಹಳೆಯ ಸೈಕಲ್ಲುಗಳ ಫೋರ್ಕ್ ಮುಂದಕ್ಕೆ ಬಾಗಿರುವುದನ್ನು ನೋಡಿದ್ದೀರಲ್ಲ, ಆ ಉಕ್ಕೂ ಹೀಗೆಯೇ ಆಡುತ್ತದೆ.

ನಿಜವಾದ ಸಸ್ಪೆನ್ಷನ್ ಈಗ ಟೈರು. ಇದನ್ನು ಅರಿಯಲು ನನಗೆ ಆರು ತಿಂಗಳು ಬೇಕಾಯಿತು. ಮೊದಲು 2.25 ಇಂಚಿನ ಟೈರಿಗೆ ಟ್ಯೂಬ್ ಹಾಕಿ 32 ಪಿಎಸ್‌ಐ ಗಾಳಿ ಹಿಡಿಸುತ್ತಿದ್ದೆ, ಕೈ ನೋವಿನಿಂದ ಒದ್ದಾಡುತ್ತಿದ್ದೆ. ಈಗ ಮುಂದೆ 2.4 ಇಂಚಿನ ಟ್ಯೂಬ್‌ಲೆಸ್ ಟೈರು. ನನ್ನ ತೂಕ 62 ಕಿಲೋ, ಗಾಳಿ 17 ಪಿಎಸ್‌ಐ. ಎರಡು ಪಿಎಸ್‌ಐ ಹೆಚ್ಚಾದರೂ ಮುಂಗೈ ಹೇಳುತ್ತದೆ. ಆದ್ದರಿಂದ ಫೋರ್ಕ್ ಆರಿಸುವಾಗಲೇ ಎಷ್ಟು ದಪ್ಪದ ಟೈರು ಹಿಡಿಸುತ್ತದೆ ಎಂದು ನೋಡಿ, ಎರಡೂ ಬದಿಗೆ ಕೆಸರು ಜಾರಿ ಹೋಗುವಷ್ಟು ಜಾಗ ಉಳಿಸಿಕೊಳ್ಳಿ. ನಮ್ಮ ಮಣ್ಣು ಹಿಟ್ಟಿನಂತೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ.

ಏರು ದಾರಿಯಲ್ಲಿ ಇದರ ಸುಖ ಹೇಳತೀರದು. ಎದ್ದು ನಿಂತು ತುಳಿದರೆ ಮುಂಭಾಗ ಕುಗ್ಗಿ ಬಲ ನುಂಗುವುದಿಲ್ಲ. ಬ್ರೇಕ್ ಹಿಡಿದರೆ ಮೂಗು ತಗ್ಗುವುದಿಲ್ಲ. ಇಳಿಜಾರಿನಲ್ಲಿ ಮಾತ್ರ ಬೆಲೆ ತೆರಬೇಕು. ದೊಡ್ಡ ಕಲ್ಲುಗಳ ದಾರಿಯಲ್ಲಿ ನನ್ನ ವೇಗ ಕುಗ್ಗಿದೆ, ಚಕ್ರ ಹಾಯುವ ಜಾಗ ನೋಡಿಯೇ ಇಳಿಯಬೇಕು, ಮೊಣಕೈ ಮೊಣಕಾಲು ಸದಾ ಸಡಿಲವಾಗಿರಬೇಕು. 1989ರಲ್ಲಿ ರಾಕ್‌ಶಾಕ್ಸ್‌ನ ಸಸ್ಪೆನ್ಷನ್ ಫೋರ್ಕ್ ಆರ್‌ಎಸ್-1 ಬರುವುದಕ್ಕೆ ಮೊದಲು ಕ್ಯಾಲಿಫೋರ್ನಿಯಾದ ಟಮಾಲ್ಪೈಸ್ ಬೆಟ್ಟದಲ್ಲಿ ಈ ಆಟ ಕಟ್ಟಿದವರು ಇಂಥ ಫೋರ್ಕಿನಲ್ಲೇ ಧೂಳೆಬ್ಬಿಸಿ ಇಳಿಯುತ್ತಿದ್ದರು. ಅವರ ಮೇಲಿನ ನನ್ನ ಗೌರವ ಈಗ ದುಪ್ಪಟ್ಟಾಗಿದೆ.

ದೀರ್ಘ ಸವಾರಿಯ ನಂತರ ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯತೊಡಗಿದ್ದವು. ಅಂಗೈಯ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿದಾಗ ಹೀಗಾಗುತ್ತದೆ. ದಪ್ಪ ಗ್ರಿಪ್, ತುದಿ 16 ಡಿಗ್ರಿ ಹಿಂದಕ್ಕೆ ಬಾಗಿದ ಹ್ಯಾಂಡಲ್ ಹಾಕಿದ ಮೇಲೆ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮಣಿಕಟ್ಟಿನ ತೊಂದರೆ ಮೊದಲೇ ಇರುವವರು, ಜಿಗಿತ ಮತ್ತು ಕಡಿದಾದ ಕಲ್ಲಿನ ಇಳಿಜಾರುಗಳಿಗಾಗಿಯೇ ಸೈಕಲ್ ಇಟ್ಟುಕೊಂಡವರು ಒಳ್ಳೆಯ ಏರ್ (ಗಾಳಿಯೇ ಸ್ಪ್ರಿಂಗ್ ಆಗಿರುವ) ಸಸ್ಪೆನ್ಷನ್ ಫೋರ್ಕಿಗೇ ಹಣ ಕೂಡಿಸಲಿ.

ನಿರ್ವಹಣೆ ಎಂದರೆ ತುಕ್ಕಿನ ಜೊತೆಗಿನ ಕೆಲಸವಷ್ಟೇ. ಬಣ್ಣ ಹಾರಿದಲ್ಲಿ ಕೂಡಲೇ ಬಣ್ಣ ಹಚ್ಚುತ್ತೇನೆ. ಮಳೆಗಾಲಕ್ಕೆ ಮುನ್ನ ಫೋರ್ಕ್ ಇಳಿಸಿ, ಕೊಳವೆಗಳ ಒಳಗೆ ಕುದಿಸಿದ ಅಗಸೆ ಎಣ್ಣೆ ಸುರಿದು, ಎಲ್ಲ ಬದಿಗೂ ತಿರುಗಿಸಿ, ಉಳಿದದ್ದನ್ನು ಬಸಿದು ಎರಡು ದಿನ ನೇತುಹಾಕುತ್ತೇನೆ. ಕೆಳಗಿನ ಬೇರಿಂಗಿಗೆ ಹೊಸ ಗ್ರೀಸ್. ಮೂರು ವರ್ಷದಲ್ಲಿ ಇದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ, ಬೆಂಗಳೂರಿನ ಬಸ್ಸಿಗೆ ಫೋರ್ಕ್ ಹೇರುವುದು ನಿಂತಿದೆ.

ಈಗ ಅಕ್ಕನ ಮಗನ 26 ಇಂಚಿನ ಹಳೆಯ ಹಾರ್ಡ್‌ಟೇಲಿನ ಸರದಿ. ಕಳೆದ ಭಾನುವಾರ ಇಬ್ಬರೂ ಕೂತು ಅಳೆದೆವು: 470, ಸ್ಯಾಗ್ ಕಳೆದರೆ 448. ಆ ಸಂಖ್ಯೆಯನ್ನು ಸೀಸದ ಕಡ್ಡಿಯಿಂದ ಗೋಡೆಯ ಮೇಲೆ ಬರೆದಿಟ್ಟುಕೊಂಡೇ ಅವನು ಫೋರ್ಕ್ ಹುಡುಕುತ್ತಿದ್ದಾನೆ.