ಕಪ್ಪು ಪುಡಿಗೆ ಮೂರು ಹೊದಿಕೆ: ಮಾಡಿ ನೋಡಿ ಹೇಳ್ತಿದ್ದೇನೆ

ತುಮಕೂರಿನ ನಮ್ಮ ಲ್ಯಾಬಿನಲ್ಲಿ ಎರಡು ವರ್ಷ ಮ್ಯಾಗ್ನೆಟೈಟ್ (ಮ್ಯಾಗ್ನೆಟ್ಟಿಗೆ ಅಂಟುವ ಕಬ್ಬಿಣದ ಆಕ್ಸೈಡ್) ಜೊತೆ ಏಗಿದ್ದೇನೆ. ಕಬ್ಬಿಣದ ಎರಡು ಬಗೆ ಉಪ್ಪು, ಫೆರಿಕ್ ಎರಡು ಪಾಲು, ಫೆರಸ್ ಒಂದು ಪಾಲು, ಮೇಲೆ ಅಮೋನಿಯಾ. ಕಾಡಿಗೆಯಂಥ ಕಪ್ಪು ಗಸಿ ಕೂರುತ್ತದೆ. ಇದೇನೋ ಸಲೀಸು. ಆದರೆ ಈ ನ್ಯಾನೋ ಕಣಗಳನ್ನು ಹಾಗೇ ಬಿಟ್ಟರೆ ಅಂಟಿಕೊಂಡು ಗಂಟಾಗುತ್ತವೆ, ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ಅದಕ್ಕೇ ಮೇಲೊಂದು ಹೊದಿಕೆ ಬೇಕು.

ಮೊದಲು ಸಿಟ್ರೇಟ್. ಸಿಟ್ರಿಕ್ ಆಸಿಡ್ ಹಾಕಿ 80 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿದರೆ ಕೆಲಸ ಮುಗೀತು. ಕಣಗಳು ಡಿಕಾಕ್ಷನ್ ಥರ ನೀರಲ್ಲಿ ಹರಡಿಕೊಳ್ಳುತ್ತವೆ. ಅಗ್ಗ ಕೂಡ. ಒಂದು ದಿನ ಡಿಸ್ಟಿಲ್ಡ್ ವಾಟರ್ ಖಾಲಿಯಾಗಿತ್ತು, ಸುಮ್ನೆ ನಲ್ಲಿ ತಿರುಗಿಸಿ ಬೋರ್‌ವೆಲ್ ನೀರು ಹಾಕಿದೆ. ನಮ್ಮ ಕಡೆ ನೀರು ಗೊತ್ತಲ್ಲ, ಬಕೆಟ್ಟಿಗೂ ಬಿಳಿ ಪೊರೆ ಕಟ್ಟುತ್ತದೆ. ಟೀ ಕುಡಿದು ಬರುವಷ್ಟರಲ್ಲಿ ಎಲ್ಲ ತಳ ಸೇರಿತ್ತು. ಕಣಗಳನ್ನು ದೂರ ಇಟ್ಟಿದ್ದ ಋಣ ವಿದ್ಯುದಂಶವನ್ನು ಕ್ಯಾಲ್ಸಿಯಂ ಮುಚ್ಚಿಹಾಕಿತ್ತು.

ಎರಡನೆಯದು ಸಿಲಿಕಾ, ಮರಳಿನಲ್ಲಿರುವ ವಸ್ತುವೇ. ಇದಕ್ಕೆ ತಾಳ್ಮೆ ಬೇಕು. 1968ರಲ್ಲಿ ಸ್ಟೋಬರ್ ಮತ್ತು ಜೊತೆಗಾರರು ತೋರಿಸಿದ ದಾರಿಯೇ ಇದಕ್ಕೂ ಆಧಾರ: ಎಥನಾಲ್, ನೀರು, ಅಮೋನಿಯಾ, ಅದಕ್ಕೆ ಹನಿಹನಿಯಾಗಿ ಟಿಇಒಎಸ್ (ಸಿಲಿಕಾ ಕೊಡುವ ದ್ರವ). ಅವಸರ ಮಾಡಿದರೆ ಕಣದ ಮೇಲೆ ಪದರ ಕೂರುವುದಿಲ್ಲ, ಬೇರೆಯೇ ಸಿಲಿಕಾ ಗುಂಡುಗಳು ಹುಟ್ಟುತ್ತವೆ. ಆದರೆ ಸರಿಯಾಗಿ ಕೂತ ಪದರ ಗಟ್ಟಿ. ಆಸಿಡ್ ಬಿದ್ದರೂ ಒಳಗಿನ ಕಬ್ಬಿಣ ಬೇಗ ಕರಗಲ್ಲ. ಹೊಳೆಯುವ ಡೈ ಅಂಟಿಸಬೇಕೆಂದರೆ ನನ್ನ ಓಟು ಇದಕ್ಕೇ. ಕಪ್ಪು ತಿರುಳಿಗೆ ನೇರ ಅಂಟಿಸಿದರೆ ಅದು ಡೈನ ಬೆಳಕನ್ನೇ ನುಂಗಿಬಿಡುತ್ತದೆ.

ಬಣ್ಣದ ನೀರು ಶುದ್ಧ ಮಾಡುವ ವಿಷಯದಲ್ಲಿ ಲೆಕ್ಕ ತಿರುಗುತ್ತದೆ. ನೀರಿಗೆ ಹಾಕಿದ ಹೈಡ್ರೋಜನ್ ಪೆರಾಕ್ಸೈಡ್ ಕಬ್ಬಿಣಕ್ಕೆ ತಾಗಿದರೆ ತಾನೇ ಡೈ ಒಡೆಯುವುದು? ದಪ್ಪ ಸಿಲಿಕಾ ಅದನ್ನೇ ತಡೆಯುತ್ತದೆ. ಆದರೂ ನನ್ನ ಸಿಲಿಕಾ ಸ್ಯಾಂಪಲ್ಲಿನಲ್ಲಿ ಮಿಥಿಲೀನ್ ಬ್ಲೂ ಎಂಬ ನೀಲಿ ಡೈನ ಬಣ್ಣ ಚೆನ್ನಾಗಿ ಇಳಿದಿತ್ತು! ಖುಷಿಯಿಂದ ಗೈಡ್‌ಗೆ ತೋರಿಸಿದೆ. ಅವರು ಹಳೇ ಸ್ಪೀಕರಿನ ಮ್ಯಾಗ್ನೆಟ್ ಬೀಕರಿಗೆ ಒತ್ತಿಹಿಡಿದು ನೀರು ಚೆಲ್ಲಿ, ಉಳಿದ ಪುಡಿಗೆ ಒಂದಿಷ್ಟು ಎಥನಾಲ್ ಹಾಕಿ ಅಲ್ಲಾಡಿಸಿದರು. ಎಥನಾಲ್ ನೀಲಿಯಾಯಿತು. ಡೈ ಒಡೆದೇ ಇರಲಿಲ್ಲ, ಪುಡಿಗೆ ಅಂಟಿ ಕೂತಿತ್ತು ಅಷ್ಟೇ. ಡೈ ಧನ, ಸಿಲಿಕಾ ಋಣ, ಅಂಟದೆ ಇನ್ನೇನು? ಅಂದಿನಿಂದ ಅಂಟುವಷ್ಟು ಡೈ ಮೊದಲೇ ಅಂಟಲಿ ಅಂತ ಅರ್ಧ ಗಂಟೆ ಕತ್ತಲಲ್ಲಿ ಕಲಕಿ, ಆಮೇಲೇ ಅಳೆಯಲು ಶುರು ಮಾಡುತ್ತೇನೆ.

ಮೂರನೆಯದು ಟೈಟಾನಿಯಾ, ಅಂದರೆ ಬೆಳಕು ಬಿದ್ದರೆ ಡೈ ಒಡೆಯುವ ಟೈಟಾನಿಯಂ ಡೈಆಕ್ಸೈಡ್. ಅದನ್ನು ನೇರವಾಗಿ ಮ್ಯಾಗ್ನೆಟೈಟ್ ಮೇಲೆ ಹಾಕಬೇಡಿ. ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನ್ ಒಳಗೆ ಸೋರಿ ಹೋಗುತ್ತದೆ, ಕಬ್ಬಿಣವೂ ಕರಗಲು ಶುರುವಾಗುತ್ತದೆ. ನಡುವೆ ತೆಳು ಸಿಲಿಕಾ ಇರಲೇಬೇಕು. ತಾರಸಿಯ ಬಿಸಿಲಿಗೆ ಇಟ್ಟಾಗ ಎಥನಾಲಿನಲ್ಲಿ ತೊಳೆದರೂ ನೀಲಿ ಬಿಡದೆ ಇದ್ದದ್ದು ಇದೊಂದೇ, ಅಂದರೆ ಡೈ ನಿಜಕ್ಕೂ ಒಡೆದಿತ್ತು. ಪದರ ಜಾಸ್ತಿಯಾದಷ್ಟು ಮ್ಯಾಗ್ನೆಟ್ಟಿಗೆ ಬರೋದು ನಿಧಾನ; ಹೊದಿಕೆಯೇ ಇಲ್ಲದ ಬರೀ ಪುಡಿ ಥಟ್ಟನೆ ಬರುತ್ತಿತ್ತು, ಇದಕ್ಕೆ ಸ್ವಲ್ಪ ಹೊತ್ತು ಕಾಯಬೇಕು.