ವೈರ್ ಗಟ್ಟಿಯಾಗಿದೆ ಅಂತ ನಂಬಿ ಕೂರಬೇಡಿ

ಹಲ್ಲಿಗೆ ಕ್ಲಿಪ್ ಹಾಕಿಸಿ, ಬಿಚ್ಚಿಸಿ, ಹಿಂದುಗಡೆ ವೈರ್ ಅಂಟಿಸಿಕೊಂಡು ಓಡಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ಓದಿ ಇವತ್ತೇ ಕನ್ನಡಿ ಮುಂದೆ ಬಾಯಿ ತೆರೆದು ನೋಡಿಕೊಳ್ಳಿ. ನಾನು ಮೂರು ವರ್ಷ ನೋಡಿಕೊಳ್ಳಲಿಲ್ಲ. ನೋಡಿದ ಮೇಲೂ ಒಂದು ವರ್ಷ ಕ್ಲಿಪ್ ಹಾಕಿದ ಡಾಕ್ಟರ ಮಾತು ನಂಬಿ ಸುಮ್ನೆ ಕೂತೆ.

ನಾನು ದಾವಣಗೆರೆಯವಳು. ಎರಡು ಡೆಂಟಲ್ ಕಾಲೇಜು ಇರುವ ಊರು ನಮ್ಮದು. ಪಿ.ಜೆ. ಬಡಾವಣೆ, ವಿದ್ಯಾನಗರ ಎಲ್ಲಿ ಹೋದರೂ ಹಲ್ಲಿನ ಡಾಕ್ಟರ ಬೋರ್ಡು. ಇಂಥ ಊರಲ್ಲಿದ್ದುಕೊಂಡು ಹೀಗಾಯಿತಲ್ಲ ಅಂತಲೇ ಜಾಸ್ತಿ ಹೊಟ್ಟೆ ಉರಿಯುತ್ತದೆ. 2017ರಲ್ಲಿ ಕ್ಲಿಪ್ ಹಾಕಿಸಿದೆ. ಅಪ್ಪ ಕಂತಿನಲ್ಲಿ ದುಡ್ಡು ಕಟ್ಟಿದರು. 2019ರಲ್ಲಿ ಬಿಚ್ಚಿದರು. ಕೆಳಗಿನ ಮುಂದಿನ ಆರು ಹಲ್ಲಿನ ಹಿಂದೆ, ಈ ಕೋರೆಹಲ್ಲಿನಿಂದ ಆ ಕೋರೆಹಲ್ಲಿನ ತನಕ, ಸಣ್ಣ ವೈರ್ ಅಂಟಿಸಿದರು. "ಇದು ಇರೋ ತನಕ ಹಲ್ಲು ಅಲ್ಲಾಡಲ್ಲ. ವೈರ್ ಬಿಟ್ಟರೆ ಮಾತ್ರ ಬನ್ನಿ" ಅಂದರು. ಬಿಟ್ಟರೆ ಮಾತ್ರ. ಈ ಮಾತು ನನಗೆ ಚೆನ್ನಾಗಿ ನೆನಪಿದೆ.

2022ರ ಬೇಸಿಗೆ. ಮಂಡಕ್ಕಿ, ಮಿರ್ಚಿ ತಿಂದು ತಣ್ಣೀರು ಕುಡಿದೆ. ಕೆಳಗಿನ ಒಂದು ಹಲ್ಲಿಗೆ ಸೂಜಿ ಚುಚ್ಚಿದ ಹಾಗಾಯಿತು. ಕನ್ನಡಿಯಲ್ಲಿ ನೋಡಿದರೆ ಆ ಹಲ್ಲು ಪಕ್ಕದ್ದಕ್ಕಿಂತ ಉದ್ದ ಕಾಣುತ್ತಿದೆ. ಒಸಡು ಜಾರಿ ಹಳದಿ ಬೇರು ಹೊರಗೆ ಬಂದಿದೆ. ನಾಲಿಗೆ ಆಡಿಸಿದರೆ ಒಳಗಡೆ ಹಲ್ಲುಗಳು ಮೆಟ್ಟಿಲಿನ ಹಾಗೆ ಹಿಂದೆ ಮುಂದೆ.

ಓಡಿದೆ ಕ್ಲಿಪ್ ಹಾಕಿದ್ದ ಕ್ಲಿನಿಕ್‌ಗೆ. ಅವರು ಒಂದು ಕಡ್ಡಿ ತಗೊಂಡು ವೈರನ್ನು ಟಕ್ ಟಕ್ ಅಂತ ತಟ್ಟಿದರು. "ವೈರ್ ಗಟ್ಟಿಯಾಗೇ ಇದೆಯಲ್ಲಮ್ಮ, ಹಲ್ಲು ಸರಿಯೋಕೆ ಸಾಧ್ಯವೇ ಇಲ್ಲ. ನೀನು ಜೋರಾಗಿ ಬ್ರಷ್ ಮಾಡ್ತೀಯ." ಕ್ಲೀನಿಂಗ್ ಮಾಡಿ, ಜುಮ್ ಅನ್ನದ ಹಾಗೆ ಒಂದು ಪೇಸ್ಟ್ ಬರೆದುಕೊಟ್ಟು, ದುಡ್ಡು ತಗೊಂಡರು. ಆರು ತಿಂಗಳು ಬಿಟ್ಟು ಮತ್ತೆ ಹೋದೆ. ಮತ್ತೆ ಟಕ್ ಟಕ್. ಮತ್ತೆ ಕ್ಲೀನಿಂಗ್. ಮತ್ತೆ ಅದೇ ಪೇಸ್ಟ್. ನಾನು ತಪ್ಪೆಲ್ಲ ನನ್ನದೇ ಅಂದುಕೊಂಡು ಮಕ್ಕಳ ಬ್ರಷ್ ತಂದು ಹಲ್ಲುಜ್ಜಿದೆ!

2023ರಲ್ಲಿ ಬೇರೆ ಡಾಕ್ಟರ್ ಹತ್ತಿರ ಹೋದೆ. ಅವರು ವೈರ್ ಮುಟ್ಟಲೇ ಇಲ್ಲ. "ಕ್ಲಿಪ್ ಬಿಚ್ಚಿದ ದಿನದ ಫೋಟೊ ಇದೆಯಾ?" ಅಂತ ಕೇಳಿದರು. ಅವತ್ತು ಖುಷಿಗೆ ತೆಗೆದುಕೊಂಡ ಸೆಲ್ಫಿ ಫೋನಿನಲ್ಲಿತ್ತು. ಅದನ್ನು ದೊಡ್ಡದು ಮಾಡಿ ಒಂದು ಕೈಲಿ ಹಿಡಿದರು, ಇನ್ನೊಂದು ಕೈಲಿ ಕನ್ನಡಿ ಕೊಟ್ಟರು. ಫೋಟೊದಲ್ಲಿ ಸಾಲಾಗಿದ್ದ ಹಲ್ಲುಗಳು ಕನ್ನಡಿಯಲ್ಲಿ ಬೇರೆ ಯಾರದ್ದೋ ಬಾಯಿ ಅನ್ನಿಸಿತು. ಒಂದು ಕೋರೆಹಲ್ಲು ಹೊರಗೆ ವಾಲಿದೆ, ಇನ್ನೊಂದು ಒಳಗೆ. ಹಲ್ಲು ಹಳೇ ಸೊಟ್ಟಕ್ಕೂ ವಾಪಸ್ ಹೋಗಿಲ್ಲ, ಹಿಂದೆ ಎಂದೂ ಇಲ್ಲದ ಜಾಗಕ್ಕೆ ಹೋಗಿದೆ. "ಇದನ್ನ ತಳ್ಳಿರೋದು ವೈರೇ" ಅಂದರು.

ಅಲ್ಲೇ ಕುರ್ಚಿಯಲ್ಲಿ ಅಳು ಬಂತು. ವೈರ್ ಬಿಡದೆ ಇದ್ದದ್ದೇ ತೊಂದರೆ! ಅದು ಒಂದೇ ತಂತಿ ಅಲ್ಲವಂತೆ, ಕೂದಲಿನಂಥ ಎಳೆಗಳನ್ನು ಹೊಸೆದು ಮಾಡಿದ್ದು. ಅಂಟಿಸುವಾಗ ಸ್ವಲ್ಪ ಬಿಗಿ ಉಳಿದರೆ, ಅಥವಾ ಆಮೇಲೆ ಗಟ್ಟಿ ಪದಾರ್ಥ ಕಚ್ಚಿ ಬಾಗಿದರೆ, ಸ್ಪ್ರಿಂಗ್ ಹಾಗೆ ದಿನಾ ಚೂರು ಚೂರು ತಳ್ಳುತ್ತಲೇ ಇರುತ್ತದೆ. ಬೇರು ಮೂಳೆಯಿಂದ ಆಚೆಗೆ ಬರುತ್ತದೆ, ಒಸಡು ಇಳಿಯುತ್ತದೆ. ಎಲ್ಲರಿಗೂ ಆಗಲ್ಲ, ಕೆಲವರಿಗೆ ಆಗುತ್ತದೆ. ಹಲ್ಲು ನೆಟ್ಟಗೆ ಮಾಡುವ ಡಾಕ್ಟರುಗಳಿಗೆ ಗೊತ್ತಿರುವ ವಿಷಯವೇ ಅಂತೆ. ಹಾಗಾದ್ರೆ ನನಗೆ ಯಾಕೆ ಹೇಳಲಿಲ್ಲ?

ಇದನ್ನೇ ಕೇಳೋಣ ಅಂತ ಹಳೇ ಕ್ಲಿನಿಕ್‌ಗೆ ಅಪ್ಪನನ್ನು ಕರೆದುಕೊಂಡು ಹೋದೆ. "ಮೂರು ವರ್ಷ ನೀವು ಚೆಕಪ್‌ಗೇ ಬರಲಿಲ್ಲ" ಅಂದರು. ವೈರ್ ಬಿಟ್ಟರೆ ಮಾತ್ರ ಬನ್ನಿ ಅಂದವರು ಇವರೇ ಅಲ್ವಾ! "ಹಾಗೆ ಹೇಳಿರೋಕೆ ಸಾಧ್ಯ ಇಲ್ಲ." ನನ್ನ ಹಲ್ಲಿನ ಹಳೇ ಅಚ್ಚು ಕೊಡಿ ಅಂದೆ. "ಅಷ್ಟು ದಿನ ಇಟ್ಟುಕೊಳ್ಳಲ್ಲ, ಎಸೆದಿದ್ದೀವಿ." ಕೊನೆಗೆ, "ಮತ್ತೆ ಕ್ಲಿಪ್ ಹಾಕೋಣ, ನಿಮಗಾದ್ರೆ ಡಿಸ್ಕೌಂಟ್ ಮಾಡಿಕೊಡ್ತೀನಿ." ಡಿಸ್ಕೌಂಟ್! ಅಪ್ಪ ಒಂದು ಮಾತೂ ಆಡದೆ ಎದ್ದು ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡರು. ಆ ಮುಖ ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ವೈರ್ ಹಾಕಿಸಿಕೊಂಡವರಿಗೆ ಹೇಳೋದು ಇಷ್ಟೇ. ಅಂಟಿಸಿದ ದಿನವೇ ಎದುರಿಂದ, ಎರಡೂ ಪಕ್ಕದಿಂದ, ಒಳಗಿನಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಅಚ್ಚು ಕೇಳಿ ಪಡೆಯಿರಿ. ಆರು ತಿಂಗಳಿಗೊಮ್ಮೆ ತೋರಿಸಿ, ಡಾಕ್ಟರ್ ಬೇಡ ಅಂದರೂ ತೋರಿಸಿ. ಹಲ್ಲು ಸರಿಯದ ಹಾಗೆ ರಾತ್ರಿ ಹಾಕಿ ತೆಗೆಯುವ ರಿಟೇನರ್ ಕೂಡ ಬೇಕಾ ಅಂತ ಕೇಳಿ. ಹಲ್ಲು ಉದ್ದ ಕಂಡರೆ ಬ್ರಷ್ ಮೇಲೆ ತಪ್ಪು ಹಾಕುವವರ ಹತ್ತಿರ ನಿಲ್ಲಬೇಡಿ. ಹೆದರಿ ವೈರನ್ನು ನೀವೇ ಕೀಳಲೂ ಬೇಡಿ, ಅದನ್ನು ಡಾಕ್ಟರೇ ಬಿಡಿಸಬೇಕು.

ನನ್ನದನ್ನು ಬಿಡಿಸಿ ಮತ್ತೆ ಕ್ಲಿಪ್ ಹಾಕಿದ್ದಾರೆ. ಬೇರನ್ನು ಮೂಳೆಯೊಳಗೆ ತರಬೇಕು. ಆಮೇಲೂ ಒಸಡು ಮೇಲೆ ಬರದಿದ್ದರೆ ಬಾಯಿಯ ಅಂಗುಳಿನಿಂದ ಚೂರು ಕತ್ತರಿಸಿ ಅಲ್ಲಿ ಹೊಲಿಯುತ್ತಾರಂತೆ. ಎರಡು ಸಲದ ಕ್ಲೀನಿಂಗ್ ಬಿಲ್ ಮಾತ್ರ ನನ್ನ ಹತ್ತಿರ ಇದೆ. ಮೊದಲ ಕ್ಲಿಪ್ಪಿನ ಬಿಲ್ ಆ ಹಳೇ ಕ್ಲಿನಿಕ್‌ನವರು ಇನ್ನೂ ಕೊಟ್ಟಿಲ್ಲ.