ಕಂದು ನೀರಿಗೆ ಯುವಿ, ಆರ್‌ಒ, ಪಟಿಕ: ನನ್ನ ಮತ ಪಟಿಕಕ್ಕೆ

ನಮ್ಮ ಮಲೆನಾಡಿನ ತೋಟದ ಮನೆಗೆ ಅಬ್ಬಿಯಿಂದ ಪೈಪಿನಲ್ಲಿ ಬರುವ ನೀರು ಜೂನ್ ಕಳೆಯುವಷ್ಟರಲ್ಲಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಮಣ್ಣಾಗಿದ್ದರೆ ಬಟ್ಟೆಯಲ್ಲಿ ಸೋಸಬಹುದಿತ್ತು. ಇದು ಕೊಳೆತ ತರಗೆಲೆಯಿಂದ ಇಳಿದ ಹ್ಯೂಮಿಕ್, ಫಲ್ವಿಕ್ ಆಮ್ಲಗಳ ಬಣ್ಣ. ನೀರಿನಲ್ಲಿ ಕರಗಿಯೇ ಇರುತ್ತದೆ. ಯುವಿ (ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯಂತ್ರ), ಆರ್‌ಒ (ನೀರನ್ನು ಸಣ್ಣ ಪೊರೆಯ ಮೂಲಕ ಒತ್ತಿ ಸೋಸಿ, ಮಿಕ್ಕಿದ್ದನ್ನು ಹೊರಗೆ ಬಿಡುವ ಯಂತ್ರ) ಎರಡಕ್ಕೂ ದುಡ್ಡು ಸುರಿದಾಯಿತು. ಈಗ ಅಡುಗೆಮನೆಯಲ್ಲಿ ಉಳಿದಿರುವುದು ಪಟಿಕ ಮತ್ತು ಇದ್ದಿಲಿನ ಫಿಲ್ಟರ್.

ಯುವಿ ಬಣ್ಣ ತೆಗೆಯುವುದಿಲ್ಲ. ಸಾಲದ್ದಕ್ಕೆ ರೋಗಾಣು ಕೊಲ್ಲಬೇಕಾದ ಬೆಳಕನ್ನು ಆ ಕಂದು ದ್ರವ್ಯವೇ ಹೀರಿಕೊಳ್ಳುತ್ತದೆ.

ಆರ್‌ಒ ಬಣ್ಣ ತೆಗೆಯಿತು, ಸುಳ್ಳು ಹೇಳಬಾರದು. ಆದರೆ ಪೊರೆಯ ಮೇಲೆ ಲೋಳೆ ಕಟ್ಟಿ, ಮಳೆಗಾಲ ಮುಗಿಯುವ ಮೊದಲೇ ನೀರು ನೂಲಿನಂತೆ ಇಳಿಯತೊಡಗಿತು. ಮಾರಲು ಬಂದವನು ಟಿಡಿಎಸ್ ಮೀಟರ್ ಅದ್ದಿ ತೋರಿಸಿದ್ದೇನೋ ನಿಜ. ಆ ಮೀಟರ್ ಅಳೆಯುವುದು ಕರಗಿದ ಲವಣವನ್ನು, ಎಲೆಯ ರಸವನ್ನಲ್ಲ. ಭಾರತೀಯ ಮಾನಕದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಲವಣ ಒಪ್ಪಿತ. ನಮ್ಮ ನೀರಿನದು 50 ದಾಟಿದ್ದೇ ಇಲ್ಲ. ಇಷ್ಟಕ್ಕೆ ಅರ್ಧಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡಬೇಕೇ? ಮಳೆ ಜೋರಾದರೆ ಕರೆಂಟೂ ಇರುವುದಿಲ್ಲ.

ಪಟಿಕದಲ್ಲೂ ಒಂದು ಕಿರಿಕಿರಿ ಇದೆ. 20 ಲೀಟರಿಗೆ ಸುಮಾರು ಒಂದು ಗ್ರಾಂ ಕರಗಿಸಿ ಎಷ್ಟು ಕದಡಿದರೂ ಬಣ್ಣ ಗಸಿಯಾಗಿ ಬೇರ್ಪಡಲಿಲ್ಲ. ಕುಡಿದರೆ ಒಗರು, ಹುಳಿ. ಪಟಿಕ ನೀರಿನಲ್ಲಿರುವ ಕ್ಷಾರವನ್ನು ತಿನ್ನುತ್ತದೆ. ನಮ್ಮ ಮೆದು ನೀರಿನಲ್ಲಿ ಕ್ಷಾರವೇ ಇಲ್ಲದಿರುವಾಗ ನೀರು ಆಮ್ಲವಾಗುತ್ತದೆ, ಗಸಿ ಕಟ್ಟುವುದೇ ಇಲ್ಲ.

ಆ ಕ್ಷಾರ ಕೊಡುವ ಮದ್ದು ಎಲೆಯಡಿಕೆ ತಟ್ಟೆಯಲ್ಲೇ ಇತ್ತು: ಸುಣ್ಣ. ಅದನ್ನು ನೀರಿನಲ್ಲಿ ಕದಡಿಟ್ಟು ಮೇಲಿನ ತಿಳಿಯನ್ನು ಚಮಚದಲ್ಲಿ ಹಾಕುತ್ತೇನೆ. ಆದರೆ ಹೆಚ್ಚಾಯಿತೋ, ಕಂದು ಬಣ್ಣ ಕದಲುವುದಿಲ್ಲ. ಎಲೆಯ ಈ ಆಮ್ಲಗಳು ಪಟಿಕಕ್ಕೆ ಚೆನ್ನಾಗಿ ಅಂಟುವುದು ಪಿಎಚ್ (ಆಮ್ಲ-ಕ್ಷಾರದ ಅಳತೆ) ಆರರ ಆಸುಪಾಸಿನಲ್ಲಿ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ಮದ್ದು) ಹೊಡೆಯುವವರ ಮನೆಯಲ್ಲಿ ಪಿಎಚ್ ಕಾಗದಕ್ಕೆ ಬರವಿಲ್ಲ, ಅದನ್ನೇ ಅದ್ದಿ ನೋಡುತ್ತೇನೆ. (ಬೋರ್ಡೋ ಡ್ರಮ್ಮಿನ ಸುಣ್ಣ ಮಾತ್ರ ಬೇಡ, ಅದರಲ್ಲಿ ಮೈಲುತುತ್ತ ಇರುತ್ತದೆ.) ಹದ ಸಿಕ್ಕಿದರೆ ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ಕದಡುತ್ತಿದ್ದಂತೆ ಕಂದು ಚೂರುಗಳು ಕಾಣಿಸಿಕೊಂಡು, ದಪ್ಪವಾಗಿ, ತಳಕ್ಕಿಳಿಯುತ್ತವೆ. ರಾತ್ರಿ ಇಟ್ಟರೆ ಬೆಳಿಗ್ಗೆ ಮೇಲೆ ತಿಳಿನೀರು.

ತಿಳಿಯನ್ನು ಬಗ್ಗಿಸಿ ಇದ್ದಿಲಿನ ಫಿಲ್ಟರಿಗೆ ಹಾಕುತ್ತೇನೆ. ತೆಂಗಿನ ಚಿಪ್ಪಿನ ಇದ್ದಿಲಿನ ರಂಧ್ರಗಳು ತೀರಾ ಸಣ್ಣ. ಹ್ಯೂಮಿಕ್‌ನ ದೊಡ್ಡ ಅಣುಗಳು ಒಳಗೆ ಹೋಗಲಾರವು. ಹಸಿ ನೀರನ್ನೇ ಸುರಿದರೆ ಫಿಲ್ಟರ್ ಬೇಗ ಕೆಡುತ್ತದೆ, ಪಟಿಕದ ನಂತರವಾದರೆ ಬಾಳಿಕೆ ಬರುತ್ತದೆ.

ಪಟಿಕದ ಬದಲು ನುಗ್ಗೆ ಬೀಜವನ್ನೂ ಅರೆದು ಹಾಕಿ ನೋಡಿದೆ. ಮರುದಿನ ನೀರು ನಾರಿತು.

ಬ್ಲೀಚಿಂಗ್ ಪುಡಿಯನ್ನು ಕಂದು ನೀರಿಗೆ ನೇರವಾಗಿ ಹಾಕುವ ಗೋಜಿಗೆ ಹೋಗಬೇಡಿ. ಕ್ಲೋರಿನ್ ಇಂಥ ಸಾವಯವ ದ್ರವ್ಯದೊಡನೆ ಸೇರಿದರೆ ಕ್ಲೋರೋಫಾರ್ಮಿನಂಥ ಹಾನಿಕರ ವಸ್ತುಗಳು ಹುಟ್ಟುತ್ತವೆ ಎಂಬುದು 1974ರಿಂದಲೇ ಗೊತ್ತಿರುವ ಸಂಗತಿ.

ಬೋರ್‌ವೆಲ್ಲಿನ ಉಪ್ಪು ನೀರು, ಫ್ಲೋರೈಡ್ ಇರುವ ಬಯಲುಸೀಮೆಯವರು ಆರ್‌ಒ ಇಟ್ಟುಕೊಳ್ಳಲಿ. ರಾತ್ರಿ ಕೊಳಗ ತುಂಬಿಡುವ ಅಭ್ಯಾಸವಿರುವ ನಮ್ಮಂಥವರಿಗೆ ಪಟಿಕವೇ ಸಾಕು. ಒಲೆಯಂತೂ ಉರಿಯುತ್ತಲೇ ಇರುವುದರಿಂದ ಕುಡಿಯುವ ನೀರನ್ನು ಕೊನೆಗೆ ಕುದಿಸಿಯೇ ಇಳಿಸುತ್ತೇವೆ. ಪಟಿಕ ಬಣ್ಣ ತೆಗೆದ ಮಾತ್ರಕ್ಕೆ ರೋಗಾಣು ಹೋಯಿತೆಂದಲ್ಲ.